ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಸೈಕಲ್ ಮೇಲೆ ಒಂದು ವಾರಾಂತ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿಗೆ ಕೆಲಸಕ್ಕೋ ಓದಿಗೋ ಬಂದ ನಮ್ಮವರು ಮೊದಲ ವರ್ಷ ಲಂಡನ್, ಎಡಿನ್‌ಬರೋ ನೋಡುತ್ತಾರೆ. ಆಮೇಲೆ ಹಳ್ಳಿ ಕಡೆ ಹೋಗಬೇಕು ಅನ್ನಿಸುತ್ತದೆ. ಸೈಕಲ್ ಮೇಲೆ ಹೋದರೆ ಹೇಗೆ ಎಂಬ ಆಸೆಯೂ ಹುಟ್ಟುತ್ತದೆ, ಜೊತೆಗೆ ನೂರು ಅನುಮಾನಗಳೂ. ಗೆಳೆಯರು, ನೆಂಟರು, ಊರಿಂದ ಬಂದ ಅತಿಥಿಗಳು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಇಂಗ್ಲೆಂಡಿನಲ್ಲಿ ಇಷ್ಟೊಂದು ಜಾಗ ಇರುವಾಗ ಪೀಕ್ ಡಿಸ್ಟ್ರಿಕ್ಟೇ ಯಾಕೆ?

ಮೊದಲ ಕಾರಣ, ಹಳೆಯ ರೈಲು ದಾರಿಗಳು. ಈ ಗುಡ್ಡಗಾಡಿನ ನಡುವೆ ಒಂದು ಕಾಲದಲ್ಲಿ ಉಗಿಬಂಡಿಗಳು ಓಡುತ್ತಿದ್ದವು. 1960ರ ದಶಕದಲ್ಲಿ ಆ ಮಾರ್ಗಗಳು ಮುಚ್ಚಿಹೋದವು. ಹಳಿ ಕಿತ್ತ ಮೇಲೆ ಉಳಿದ ದಾರಿಯನ್ನು ನಡೆಯುವವರಿಗೆ, ಸೈಕಲ್‌ನವರಿಗೆ, ಕುದುರೆ ಸವಾರರಿಗೆ ಬಿಟ್ಟುಕೊಟ್ಟರು. ಮಾನ್ಸಲ್ ಟ್ರೇಲ್, ಟಿಸ್ಸಿಂಗ್ಟನ್ ಟ್ರೇಲ್, ಹೈ ಪೀಕ್ ಟ್ರೇಲ್ ಇವೆಲ್ಲ ಹಾಗೆ ಹುಟ್ಟಿದವು. ಕಾರು, ಲಾರಿ ಯಾವುದೂ ಇಲ್ಲಿಗೆ ಬರುವುದಿಲ್ಲ.

ಎರಡನೆಯದು, ಜಾಗ ಎಲ್ಲರಿಗೂ ಹತ್ತಿರ. ಮ್ಯಾಂಚೆಸ್ಟರ್, ಶೆಫೀಲ್ಡ್, ಡಾರ್ಬಿ, ನಾಟಿಂಗ್‌ಹ್ಯಾಮ್ ಎಲ್ಲದರ ನಡುವೆ ಇದೆ. 1951ರಲ್ಲಿ ಬ್ರಿಟನ್ನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾದದ್ದು ಇದೇ. ಉದ್ಯಾನ ಅಂದ ತಕ್ಷಣ ಬೇಲಿ ಹಾಕಿದ ಕಾಡು ಅಂದುಕೊಳ್ಳಬೇಡಿ. ಸುಮಾರು 1,438 ಚದರ ಕಿಲೋಮೀಟರಿನಲ್ಲಿ ಊರುಗಳಿವೆ, ಹೊಲಗಳಿವೆ, ಕುರಿ ಮೇಯುತ್ತವೆ, ಜನ ಬದುಕುತ್ತಾರೆ. ಒಳಗೆ ಹೋಗಲು ಟಿಕೆಟ್ ಇಲ್ಲ.

ಕಾಟ್ಸ್‌ವೋಲ್ಡ್ಸ್ ಕೂಡ ಚೆನ್ನಾಗಿದೆ, ಜೇನು ಬಣ್ಣದ ಕಲ್ಲಿನ ಮನೆಗಳು ಕಣ್ಣಿಗೆ ಹಬ್ಬ. ಆದರೆ ಅಲ್ಲಿ ಹೆಚ್ಚಾಗಿ ಕಾರುಗಳ ಜೊತೆಗೇ ರಸ್ತೆಯಲ್ಲಿ ಸೈಕಲ್ ತುಳಿಯಬೇಕು. ಮೊದಲ ಸಲ ಹೊರಟವರಿಗೆ, ಮಕ್ಕಳಿರುವವರಿಗೆ ನನ್ನ ಮತ ಪೀಕ್ ಡಿಸ್ಟ್ರಿಕ್ಟ್‌ಗೇ.

ಸೈಕಲ್ ಮುಟ್ಟಿ ಹದಿನೈದು ವರ್ಷ ಆಯಿತು. ನನ್ನ ಕೈಲಿ ಆಗುತ್ತದೆಯೇ?

ಖಂಡಿತ ಆಗುತ್ತದೆ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರಕ್ಕೆ ಹಿಡಿತ ಕಡಿಮೆ. ಕಡಿದಾದ ಏರನ್ನು ರೈಲು ಹತ್ತಲಾರದು. ಹಾಗಾಗಿ ಎಂಜಿನಿಯರುಗಳು ಗುಡ್ಡ ಅಡ್ಡ ಬಂದರೆ ಕೊರೆದರು, ಕಣಿವೆ ಅಡ್ಡ ಬಂದರೆ ಸೇತುವೆ ಕಟ್ಟಿದರು. ಅವರು ಪಟ್ಟ ಕಷ್ಟದಿಂದ ಇವತ್ತು ನಮ್ಮ ಮಂಡಿಗಳಿಗೆ ಆರಾಮ. ಸುತ್ತ ಎಲ್ಲ ಏರು ತಗ್ಗು, ನೀವು ಹೋಗುವ ದಾರಿ ಮಾತ್ರ ಹೆಚ್ಚುಕಡಿಮೆ ಸಮ.

ಒಂದೇ ಎಚ್ಚರಿಕೆ. ಈ ಮಾತು ಟ್ರೇಲ್‌ಗಳಿಗೆ ಮಾತ್ರ. ಟ್ರೇಲ್ ಬಿಟ್ಟು ಹಳ್ಳಿ ರಸ್ತೆಗೆ ಇಳಿದರೆ ಏರು ಶುರು, ಅದೂ ಎದೆ ಬಿರಿಯುವ ಏರು. ಮ್ಯಾಪಿನಲ್ಲಿ "ಎರಡೇ ಮೈಲಿ" ಅಂತ ಕಂಡರೂ ಆ ಎರಡು ಮೈಲಿ ಎಷ್ಟು ಎತ್ತರ ಏರುತ್ತದೆ ಎಂದು ನೋಡಿಕೊಂಡೇ ಹೊರಡಿ.

ಮಾನ್ಸಲ್ ಟ್ರೇಲ್‌ನಲ್ಲಿ ಏನೇನು ನೋಡಬಹುದು?

ಇದು ಬೇಕ್‌ವೆಲ್ ಊರಿನಿಂದ ಚೀ ಡೇಲ್ ಕಣಿವೆಯ ಬ್ಲ್ಯಾಕ್‌ವೆಲ್ ಮಿಲ್ ತನಕ ಎಂಟೂವರೆ ಮೈಲಿ, ಅಂದರೆ 13.7 ಕಿಲೋಮೀಟರ್ ಇದೆ. ಹೋಗಿ ಬಂದರೆ ಸುಮಾರು 27 ಕಿಲೋಮೀಟರ್. ನಿಲ್ಲದೆ ತುಳಿದರೆ ಎರಡೂವರೆ ಗಂಟೆಯೊಳಗೆ ಮುಗಿಯುತ್ತದೆ. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಇಡೀ ದಿನ ಇದಕ್ಕೇ ಇಟ್ಟುಕೊಳ್ಳಿ.

ಬೇಕ್‌ವೆಲ್ ಕಡೆಯಿಂದ ಹೊರಟರೆ ಮೊದಲು ಸಿಗುವುದು ಹ್ಯಾಸಪ್ ಹಳೆಯ ನಿಲ್ದಾಣ. ಈಗ ಅದು ಪುಸ್ತಕದಂಗಡಿ, ಕೆಫೆ, ಸೈಕಲ್ ಬಾಡಿಗೆ ಅಂಗಡಿ ಎಲ್ಲ ಸೇರಿದ ಜಾಗ. ಮುಂದೆ ಗ್ರೇಟ್ ಲಾಂಗ್‌ಸ್ಟೋನ್ ನಿಲ್ದಾಣ, ಅದರ ಆಚೆ ಹೆಡ್‌ಸ್ಟೋನ್ ಸುರಂಗ. ಈ ಸುರಂಗ ಸುಮಾರು ಅರ್ಧ ಕಿಲೋಮೀಟರ್ ಉದ್ದ. ಒಳಗೆ ತಣ್ಣಗೆ ಇರುತ್ತದೆ, ನೀರು ತೊಟ್ಟಿಕ್ಕುತ್ತದೆ. ಆಚೆ ಬದಿಯಿಂದ ಹೊರಬಂದ ಕೂಡಲೇ ನೀವು ಹೆಡ್‌ಸ್ಟೋನ್ ಸೇತುವೆಯ ಮೇಲೆಯೇ ಇರುತ್ತೀರಿ. ಐದು ಕಮಾನುಗಳ ಕಲ್ಲಿನ ಸೇತುವೆ, ಕೆಳಗೆ ವೈ ನದಿ, ಎರಡೂ ಕಡೆ ಹಸಿರು ಕಣಿವೆ. ಗೋಡೆಗೆ ಸೈಕಲ್ ಒರಗಿಸಿ ಇಲ್ಲಿ ಒಂದಷ್ಟು ಹೊತ್ತು ಸುಮ್ನೆ ನಿಲ್ಲಿ.

ಈ ಸೇತುವೆಯ ಕಥೆ ನನಗೆ ತುಂಬ ಇಷ್ಟ. ಮಿಡ್‌ಲ್ಯಾಂಡ್ ರೈಲ್ವೆ 1863ರಲ್ಲಿ ಈ ಮಾರ್ಗ ತೆರೆದದ್ದಕ್ಕೆ ಕಲಾ ವಿಮರ್ಶಕ ಜಾನ್ ರಸ್ಕಿನ್ ಕೆಂಡವಾದರು. ಬಕ್ಸ್‌ಟನ್‌ನ ದಡ್ಡರು ಅರ್ಧ ಗಂಟೆಯಲ್ಲಿ ಬೇಕ್‌ವೆಲ್‌ಗೆ ಬರಲಿ, ಬೇಕ್‌ವೆಲ್‌ನ ದಡ್ಡರು ಬಕ್ಸ್‌ಟನ್‌ಗೆ ಹೋಗಲಿ ಎಂದು ದೇವತೆಗಳಿದ್ದ ಕಣಿವೆಯನ್ನೇ ಹಾಳುಮಾಡಿದರು ಎಂಬುದು ಅವರ ಸಿಟ್ಟು. ನೂರು ವರ್ಷ ಕಳೆದು 1968ರಲ್ಲಿ ರೈಲು ನಿಂತಿತು. ಅಷ್ಟರಲ್ಲಿ ಜನಕ್ಕೆ ಸೇತುವೆಯ ಮೇಲೆ ಪ್ರೀತಿ ಹುಟ್ಟಿತ್ತು. 1970ರಲ್ಲಿ ಅದನ್ನು ಕೆಡವದಂತೆ ಕಾನೂನಿನ ರಕ್ಷಣೆ ಕೊಟ್ಟರು. ರಸ್ಕಿನ್ ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಕಣಿವೆಯ ನಡುವೆ ಹೊಸದಾಗಿ ಕಲ್ಲು ಗಾರೆ ಎದ್ದಾಗ ಯಾರಿಗಾದರೂ ನೋವಾಗುತ್ತದೆ. ಆದರೂ ಈಗ ಈ ಕಣಿವೆಯನ್ನು ಸೇತುವೆ ಇಲ್ಲದೆ ಕಲ್ಪಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ.

ಮುಂದೆ ಕ್ರೆಸ್‌ಬ್ರುಕ್ ಸುರಂಗ, ಅದಾದ ಮೇಲೆ ಲಿಟನ್ ಸುರಂಗ. ಎರಡರ ನಡುವಿನ ಬಯಲಿನಲ್ಲಿ ಕೆಳಗೆ ನೋಡಿದರೆ ನದಿ ಅಗಲವಾಗಿ ನಿಂತಿರುತ್ತದೆ, ಪಕ್ಕದಲ್ಲಿ ಸುಣ್ಣಕಲ್ಲಿನ ಕಡಿದಾದ ಬಂಡೆಗಳು. ಅದರ ಒಂದು ತುದಿಗೆ ಕ್ರೆಸ್‌ಬ್ರುಕ್ ಹತ್ತಿ ಗಿರಣಿ, ಇನ್ನೊಂದು ತುದಿಗೆ ಲಿಟನ್ ಗಿರಣಿ. ಇವತ್ತು ಎರಡೂ ಮನೆಗಳಾಗಿವೆ, ನೋಡಲು ಚೆಂದ. ಆದರೆ ಲಿಟನ್ ಗಿರಣಿಗೆ ಕೆಟ್ಟ ಹೆಸರಿತ್ತು. ಲಂಡನ್ ಮುಂತಾದ ಊರುಗಳ ಅನಾಥ ಮಕ್ಕಳನ್ನು ತಂದು ಅಲ್ಲಿ ದುಡಿಸುತ್ತಿದ್ದರು. ಹೊಡೆತ, ಹಸಿವು, ರಾತ್ರಿ ಹಗಲು ಕೆಲಸ. ಈ ಸುಂದರ ಜಾಗದಲ್ಲಿ ನಿಂತಾಗ ಆ ಮಕ್ಕಳನ್ನೂ ನೆನೆಯಬೇಕು ಎಂದು ನನಗೆ ಅನ್ನಿಸುತ್ತದೆ.

ಮಿಲ್ಲರ್ಸ್ ಡೇಲ್ ನಿಲ್ದಾಣ ಊಟಕ್ಕೆ ಒಳ್ಳೆಯ ಜಾಗ. ಹಳೆಯ ಪ್ಲಾಟ್‌ಫಾರಂ ಹಾಗೇ ಇದೆ, ಕೆಫೆ ಇದೆ, ಶೌಚಾಲಯ ಇದೆ. ಇಲ್ಲಿ ಅಕ್ಕಪಕ್ಕದಲ್ಲಿ ಎರಡು ದೊಡ್ಡ ರೈಲು ಸೇತುವೆಗಳು, ಹತ್ತಿರದಲ್ಲೇ ಸುಣ್ಣ ಸುಡುತ್ತಿದ್ದ ದೈತ್ಯ ಗೂಡುಗಳು. ಅಲ್ಲಿಂದ ಬ್ಲ್ಯಾಕ್‌ವೆಲ್ ಮಿಲ್ ತನಕ ಚೀ ಟಾರ್ ಬಂಡೆಯ ಕೆಳಗಿನ ಸುರಂಗಗಳು. ಇದು ಇಡೀ ದಾರಿಯಲ್ಲೇ ಅತ್ಯಂತ ನಿಶ್ಶಬ್ದವಾದ ತುಂಡು. ಎಷ್ಟೋ ಜನ ಮಿಲ್ಲರ್ಸ್ ಡೇಲ್‌ನಿಂದಲೇ ತಿರುಗಿಬಿಡುತ್ತಾರೆ. ನೀವು ತಿರುಗಬೇಡಿ.

ಹೋಗುವಾಗ ತೀರಾ ಸಣ್ಣ ಏರು, ಗೊತ್ತೇ ಆಗದಷ್ಟು. ಬರುವಾಗ ಅದೇ ಇಳಿಜಾರು. ಸಂಜೆ ಸುಸ್ತಾದ ಕಾಲುಗಳಿಗೆ ಇದಕ್ಕಿಂತ ಬೇರೆ ಏನು ಬೇಕು ಅಲ್ವಾ?

ಸುರಂಗದೊಳಗೆ ಕತ್ತಲೆಯೇ? ಮಕ್ಕಳು ಹೆದರುವುದಿಲ್ಲವೇ?

ಹಗಲು ಹೊತ್ತು ಒಳಗೆ ದೀಪ ಇರುತ್ತದೆ. ರೈಲು ನಿಂತ ಮೇಲೆ ದಶಕಗಳ ಕಾಲ ದೊಡ್ಡ ಸುರಂಗಗಳಿಗೆ ಬೀಗ ಹಾಕಿದ್ದರು. ನಡೆಯುವವರು ಗುಡ್ಡ ಬಳಸಿ ಹೋಗಬೇಕಿತ್ತು. 2011ರಲ್ಲಿ ದುರಸ್ತಿ ಮಾಡಿ, ದೀಪ ಹಾಕಿ, ನಾಲ್ಕು ದೊಡ್ಡ ಸುರಂಗಗಳನ್ನು ತೆರೆದರು. ಸೈಕಲ್‌ನವರಿಗೆ ಈ ದಾರಿ ಪೂರ್ತಿ ಸಿಕ್ಕಿದ್ದು ಆಗಲೇ.

ಕತ್ತಲಾದ ಮೇಲೆ ಆ ದೀಪಗಳು ಆರಿಹೋಗುತ್ತವೆ. ಸೈಕಲ್ಲಿಗೆ ನಿಮ್ಮದೇ ಲೈಟ್ ಇರಲಿ, ಹೊರಡುವ ಮುಂಚೆ ಹೊತ್ತು ಮುಳುಗುವ ಸಮಯ ನೋಡಿಕೊಳ್ಳಿ. ಕರಿ ಕನ್ನಡಕ ಹಾಕಿಕೊಂಡು ಬಿಸಿಲಿನಿಂದ ನೇರ ಒಳಗೆ ನುಗ್ಗಿದರೆ ಎರಡು ಕ್ಷಣ ಏನೂ ಕಾಣುವುದಿಲ್ಲ, ಸುರಂಗದ ಬಾಯಿಗೆ ಬರುವ ಮುನ್ನ ತೆಗೆದಿಟ್ಟುಕೊಳ್ಳಿ. ಮಕ್ಕಳು ಹೆದರುವುದಿರಲಿ, ಪ್ರತಿ ಸುರಂಗದಲ್ಲೂ ಕೂಗಿ ಕೂಗಿ ಪ್ರತಿಧ್ವನಿ ಕೇಳುತ್ತಾರೆ!

ಎರಡು ದಿನವನ್ನು ಹೇಗೆ ಹಂಚಿಕೊಳ್ಳಲಿ?

ಶುಕ್ರವಾರ ರಾತ್ರಿಯೇ ಬೇಕ್‌ವೆಲ್ ತಲುಪಿಬಿಡಿ. ಶನಿವಾರ ಪೂರ್ತಿ ಮಾನ್ಸಲ್ ಟ್ರೇಲ್. ಭಾನುವಾರಕ್ಕೆ ಎರಡು ದಾರಿ ಇವೆ.

ಕಾರಿದ್ದರೆ ಬೆಳಿಗ್ಗೆ ಪಾರ್ಸ್ಲೆ ಹೇ ಎಂಬಲ್ಲಿಗೆ ಹೋಗಿ ಟಿಸ್ಸಿಂಗ್ಟನ್ ಟ್ರೇಲ್ ಹಿಡಿಯಿರಿ. ಇದು ಪಾರ್ಸ್ಲೆ ಹೇಯಿಂದ ಆಶ್‌ಬೋರ್ನ್ ತನಕ 13 ಮೈಲಿ, 21 ಕಿಲೋಮೀಟರ್. ಮಾನ್ಸಲ್ ಟ್ರೇಲ್ ಕಣಿವೆಯೊಳಗೆ ಹೋದರೆ ಇದು ಎತ್ತರದ ಬಯಲಿನ ಮೇಲೆ ಹೋಗುತ್ತದೆ. ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು, ಗಾರೆಯಿಲ್ಲದೆ ಜೋಡಿಸಿದ ಕಲ್ಲಿನ ಗೋಡೆಗಳು. ಆಶ್‌ಬೋರ್ನ್ ಕಡೆಗೆ ಇಳಿಜಾರು, ವಾಪಸ್ ಬರುವಾಗ ಏರು. ಹೋಗುವಾಗಿನ ಹುಮ್ಮಸ್ಸಿನಲ್ಲಿ ಇದನ್ನು ಮರೆಯಬೇಡಿ. ಟಿಸ್ಸಿಂಗ್ಟನ್ ಹಳ್ಳಿಗೆ ಹೋಗಿ ತಿರುಗಿದರೆ ಸುಮಾರು 30 ಕಿಲೋಮೀಟರ್ ಆಗುತ್ತದೆ, ಅಷ್ಟು ಸಾಕು.

ಆ ಹಳ್ಳಿಯಲ್ಲಿ ಬಾತುಕೋಳಿ ಕೊಳ, ಹಳೆಯ ಚರ್ಚು, 17ನೇ ಶತಮಾನದ ದೊಡ್ಡ ಮನೆ ಇದೆ. ಮೇ ತಿಂಗಳ ಹೊತ್ತಿಗೆ ಬಂದರೆ ಬಾವಿಗಳ ಅಲಂಕಾರ ನೋಡುವ ಭಾಗ್ಯವೂ ಸಿಗಬಹುದು. ಹಲಗೆಯ ಮೇಲೆ ಹಸಿ ಜೇಡಿಮಣ್ಣು ಮೆತ್ತಿ, ಅದರೊಳಗೆ ಹೂವಿನ ಎಸಳು, ಎಲೆ, ಪಾಚಿ, ಬೀಜ ಒತ್ತಿ ಚಿತ್ರ ಬಿಡಿಸುತ್ತಾರೆ. ಆ ಹಲಗೆಯನ್ನು ಬಾವಿಯ ಬಳಿ ನಿಲ್ಲಿಸಿ ಪ್ರಾರ್ಥನೆ ಮಾಡುತ್ತಾರೆ. ಈ ಪ್ರದೇಶದಲ್ಲಿ ಸುಣ್ಣಕಲ್ಲು ಜಾಸ್ತಿ. ಮಳೆ ನೀರು ಮೇಲೆ ನಿಲ್ಲದೆ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಬತ್ತದ ಬಾವಿ ಇರುವ ಊರು ಪುಣ್ಯವಂತ ಊರು. ಆ ಕೃತಜ್ಞತೆ ಇವತ್ತಿಗೂ ಉಳಿದಿದೆ. ಟಿಸ್ಸಿಂಗ್ಟನ್‌ನಲ್ಲಿ ಈಸ್ಟರ್ ಕಳೆದು 40ನೇ ದಿನಕ್ಕೆ ಬರುವ ಅಸೆನ್ಷನ್ ಹಬ್ಬದ ಹೊತ್ತಿಗೆ, ಉಳಿದ ಹಳ್ಳಿಗಳಲ್ಲಿ ಬೇಸಿಗೆಯುದ್ದಕ್ಕೂ ಒಂದಲ್ಲ ಒಂದು ಕಡೆ ನಡೆಯುತ್ತದೆ.

ಕಾರಿಲ್ಲದಿದ್ದರೆ ಭಾನುವಾರ ಸೈಕಲ್‌ಗೆ ರಜೆ ಕೊಡಿ. ಬಸ್ಸಿನಲ್ಲಿ ಚಾಟ್ಸ್‌ವರ್ತ್ ಅರಮನೆಗೋ ಈಮ್ ಹಳ್ಳಿಗೋ ಹೋಗಿ ಬನ್ನಿ. ಒಂದೇ ದಿನ ಎರಡನ್ನೂ ತುರುಕಬೇಡಿ. ಭಾನುವಾರ ಹಳ್ಳಿ ಬಸ್ಸುಗಳು ಕಡಿಮೆ, ವೇಳಾಪಟ್ಟಿ ನೋಡದೆ ಹೊರಡಬೇಡಿ.

ಬೇಕ್‌ವೆಲ್‌ಗೆ ರೈಲು ಇದೆಯೇ?

ಇಲ್ಲ. ಇದ್ದ ರೈಲು ದಾರಿಯ ಮೇಲೆಯೇ ನೀವು ಸೈಕಲ್ ತುಳಿಯಲು ಹೊರಟಿರುವುದು. ಲಂಡನ್ನಿನಿಂದ ಬರುವವರು ಸೇಂಟ್ ಪ್ಯಾಂಕ್ರಸ್‌ನಲ್ಲಿ ರೈಲು ಹತ್ತಿ ಚೆಸ್ಟರ್‌ಫೀಲ್ಡ್, ಶೆಫೀಲ್ಡ್ ಅಥವಾ ಡಾರ್ಬಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ಮ್ಯಾಂಚೆಸ್ಟರ್‌ನವರು ಪಿಕಾಡಿಲಿ ನಿಲ್ದಾಣದಿಂದ ಬಕ್ಸ್‌ಟನ್‌ಗೆ ಸುಮಾರು ಒಂದು ಗಂಟೆಯಲ್ಲಿ ಬಂದು, ಅಲ್ಲಿಂದ ಬಸ್ಸಿನಲ್ಲಿ ಬೇಕ್‌ವೆಲ್ ಸೇರಬಹುದು.

ಬಕ್ಸ್‌ಟನ್‌ನಿಂದ ಬ್ಲ್ಯಾಕ್‌ವೆಲ್ ಮಿಲ್ ತನಕ ಸೈಕಲ್‌ನಲ್ಲೇ ಹೋಗೋಣ ಎಂದು ಕೆಲವರು ಕೇಳುತ್ತಾರೆ. ಅದಕ್ಕೆ ಎ6 ಹೆದ್ದಾರಿಯ ಮೇಲೆ ಹೋಗಬೇಕು. ತಿರುವು ಜಾಸ್ತಿ, ಲಾರಿಗಳು ಜಾಸ್ತಿ. ರೂಢಿ ಇಲ್ಲದವರು ಖಂಡಿತ ಬೇಡ.

ಸ್ವಂತ ಸೈಕಲ್ ತರಲೇ, ಬಾಡಿಗೆಗೆ ತಗೊಳ್ಳಲೇ?

ಮೊದಲ ಸಲಕ್ಕೆ ಬಾಡಿಗೆಯೇ ವಾಸಿ. ದೂರದ ರೈಲುಗಳಲ್ಲಿ ಸೈಕಲ್‌ಗೆ ಜಾಗ ಮೊದಲೇ ಕಾಯ್ದಿರಿಸಬೇಕು, ಒಂದು ರೈಲಿಗೆ ಎರಡೋ ಮೂರೋ ಸೈಕಲ್ ಅಷ್ಟೇ. ಬಸ್ಸಿನಲ್ಲಂತೂ ಮಡಚುವ ಸೈಕಲ್ ಬಿಟ್ಟರೆ ಬೇರೆ ಹತ್ತಿಸಿಕೊಳ್ಳುವುದು ಅಪರೂಪ.

ಹ್ಯಾಸಪ್ ನಿಲ್ದಾಣ, ಬ್ಲ್ಯಾಕ್‌ವೆಲ್ ಮಿಲ್, ಪಾರ್ಸ್ಲೆ ಹೇ, ಆಶ್‌ಬೋರ್ನ್ ಇವೆಲ್ಲ ಟ್ರೇಲ್ ಪಕ್ಕದಲ್ಲೇ ಸೈಕಲ್ ಬಾಡಿಗೆಗೆ ಸಿಗುವ ಜಾಗಗಳು. ಮಕ್ಕಳ ಸೈಕಲ್, ಹಿಂದೆ ಕಟ್ಟುವ ಮಕ್ಕಳ ಗಾಡಿ, ಇಬ್ಬರು ತುಳಿಯುವ ಸೈಕಲ್, ಬ್ಯಾಟರಿ ಸೈಕಲ್ ಎಲ್ಲ ಇರುತ್ತವೆ. ಶಾಲೆಗೆ ರಜೆ ಇರುವಾಗ ಮುಂಚೆಯೇ ಬುಕ್ ಮಾಡಿ.

ಸೈಕಲ್ ಕೈಗೆ ಬಂದ ಮೇಲೆ ಅಂಗಡಿಯ ಮುಂದೆಯೇ ಒಂದು ಸುತ್ತು ಹಾಕಿ. ಎರಡೂ ಬ್ರೇಕ್ ಹಿಡಿದು ನೋಡಿ, ಗೇರ್ ಬದಲಿಸಿ ನೋಡಿ. ಸೀಟಿನ ಎತ್ತರ ಸರಿಮಾಡಿಸಿಕೊಳ್ಳಿ. ಪೆಡಲ್ ಕೆಳಗೆ ಬಂದಾಗ ಕಾಲು ಹೆಚ್ಚುಕಡಿಮೆ ನೇರವಾಗಬೇಕು. ನಮ್ಮಲ್ಲಿ ಬಹಳ ಜನ ಸೀಟು ತಗ್ಗಿಸಿಕೊಂಡು ತುಳಿಯುತ್ತಾರೆ, ಸಂಜೆಗೆ ಮಂಡಿ ನೋವು ಅನ್ನುತ್ತಾರೆ. ಪಂಚರ್ ಆದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂದೂ ಕೇಳಿಕೊಳ್ಳಿ. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ.

ಬ್ಯಾಟರಿ ಸೈಕಲ್‌ಗೆ ಲೈಸೆನ್ಸ್ ಬೇಕೇ?

ಬೇಡ. ಮೋಟರ್ 250 ವ್ಯಾಟ್ ಮೀರದೆ, ಪೆಡಲ್ ತುಳಿದಾಗ ಮಾತ್ರ ನೆರವು ಕೊಟ್ಟು, ಗಂಟೆಗೆ 15.5 ಮೈಲಿ ವೇಗ ಮುಟ್ಟಿದಾಗ ತಾನೇ ನಿಂತರೆ ಅದನ್ನು ಸಾಮಾನ್ಯ ಸೈಕಲ್ ಎಂದೇ ಪರಿಗಣಿಸುತ್ತಾರೆ. 14 ವರ್ಷ ತುಂಬಿರಬೇಕು.

ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಊಟಕ್ಕೆ ಏನು ಮಾಡುವುದು?

ಬ್ರಿಟನ್ನಿನಲ್ಲಿ "ವೆಜಿಟೇರಿಯನ್" ಅಂದರೆ ಮೊಟ್ಟೆ ಸೇರಿಯೇ ಲೆಕ್ಕ. ಮೊಟ್ಟೆ ಬೇಡದವರು "ವೀಗನ್" ಎಂದು ಬರೆದದ್ದನ್ನು ಹುಡುಕುವುದು ಸುಲಭ. ಅದರಲ್ಲಿ ಹಾಲು, ಬೆಣ್ಣೆಯೂ ಇರುವುದಿಲ್ಲ ನಿಜ, ಆದರೆ ಮೊಟ್ಟೆ ಇಲ್ಲವೆಂಬ ಖಾತ್ರಿ ಇರುತ್ತದೆ. ಪಬ್‌ಗಳಲ್ಲಿ, ಕೆಫೆಗಳಲ್ಲಿ ಕೇಳಿದರೆ ಯಾವ ಯಾವ ಪದಾರ್ಥ ಹಾಕಿದ್ದಾರೆ ಎಂದು ನೋಡಿ ಹೇಳುತ್ತಾರೆ. ಕೇಳಲು ಸಂಕೋಚ ಬೇಡ.

ಬೇಕ್‌ವೆಲ್‌ನ ಪ್ರಸಿದ್ಧ ಪುಡಿಂಗ್ ಮೊಟ್ಟೆಯಿಂದಲೇ ಆದದ್ದು. ಪದರ ಪದರದ ಹಿಟ್ಟಿನ ಬಟ್ಟಲಲ್ಲಿ ಜಾಮ್, ಅದರ ಮೇಲೆ ಮೊಟ್ಟೆ ಮತ್ತು ಬಾದಾಮಿಯ ಮಿಶ್ರಣ. ಹೋಟೆಲಿನ ಅಡುಗೆಯವಳೊಬ್ಬಳು ಹೇಳಿದ ಹಾಗೆ ಮಾಡದೆ ಮಿಶ್ರಣವನ್ನು ಜಾಮ್ ಮೇಲೆ ಸುರಿದಿದ್ದರಿಂದ ಇದು ಹುಟ್ಟಿತು ಎಂದು ಊರಿನವರು ಕಥೆ ಹೇಳುತ್ತಾರೆ. ಅಂಗಡಿಗಳಲ್ಲಿ ಕಾಣುವ ಬೇಕ್‌ವೆಲ್ ಟಾರ್ಟ್ ಬೇರೆಯದು, ಮೊಟ್ಟೆ ಅದರಲ್ಲೂ ಇರುತ್ತದೆ.

ನೀವು ಬಿಡದೆ ತಿನ್ನಬೇಕಾದದ್ದು ಡಾರ್ಬಿಶೈರ್ ಓಟ್‌ಕೇಕ್. ಹೆಸರು ಕೇಕ್ ಆದರೂ ಸಿಹಿ ಅಲ್ಲ. ಓಟ್ಸ್ ಹಿಟ್ಟು, ಗೋಧಿ ಹಿಟ್ಟು, ಯೀಸ್ಟ್, ನೀರು ಕಲಸಿ ಹುದುಗು ಬರಿಸಿ ಕಾವಲಿಯ ಮೇಲೆ ಹುಯ್ಯುತ್ತಾರೆ. ನೋಡಲು ನಮ್ಮ ದಪ್ಪ ಸೆಟ್ ದೋಸೆಯ ಅಣ್ಣನ ಹಾಗಿರುತ್ತದೆ. ಚೀಸ್ ಹಾಕಿಸಿಕೊಂಡು ಬಿಸಿಬಿಸಿ ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ಚೀಸ್ ವಿಷಯದಲ್ಲಿ ಒಂದು ಮಾತು. ಕೆಲವು ಚೀಸ್‌ಗಳನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಕಟ್ಟುನಿಟ್ಟಿನವರು ಪೊಟ್ಟಣದ ಮೇಲೆ ಸಸ್ಯಾಹಾರಿಗಳಿಗೆ ಯೋಗ್ಯ ಎಂದು ಬರೆದಿದೆಯೇ ನೋಡಿ ತಗೊಳ್ಳಿ.

ಇನ್ನು ಚಪಾತಿ ಪಲ್ಯ, ಚಿತ್ರಾನ್ನ, ಪುಳಿಯೋಗರೆ ಕಟ್ಟಿಕೊಂಡು ಹೋಗುವವರಿಗೆ ದಾರಿಯುದ್ದಕ್ಕೂ ಬೆಂಚುಗಳಿವೆ. ಕಸದ ಚೀಲ ಮಾತ್ರ ನಿಮ್ಮ ಜೊತೆ ವಾಪಸ್ ಬರಲಿ.

ಈಮ್ ಹಳ್ಳಿಯ ಬಗ್ಗೆ ಕೇಳಿದ್ದೇನೆ. ನಿಜಕ್ಕೂ ನೋಡಲೇಬೇಕಾ?

ನೋಡಲೇಬೇಕು. ಅರಮನೆ ಬಿಟ್ಟರೂ ಪರವಾಗಿಲ್ಲ, ಈಮ್ ಬಿಡಬೇಡಿ.

1665ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಹಬ್ಬಿತ್ತು. ಆ ವರ್ಷ ಸೆಪ್ಟೆಂಬರಿನಲ್ಲಿ ಈಮ್‌ನ ದರ್ಜಿಯ ಮನೆಗೆ ಲಂಡನ್ನಿನಿಂದ ಒಂದು ಬಟ್ಟೆ ಗಂಟು ಬಂತು. ಗಂಟು ಬಿಚ್ಚಿ, ಒದ್ದೆ ಬಟ್ಟೆಯನ್ನು ಒಲೆಯ ಮುಂದೆ ಹರಡಿದ ಕೆಲಸಗಾರ ಜಾರ್ಜ್ ವಿಕಾರ್ಸ್ ಕೆಲವೇ ದಿನಗಳಲ್ಲಿ ತೀರಿಕೊಂಡ. ಬಟ್ಟೆಯಲ್ಲಿದ್ದ ಚಿಗಟಗಳು ರೋಗ ತಂದಿದ್ದವು ಎನ್ನುತ್ತಾರೆ. ಚಳಿಗಾಲದಲ್ಲಿ ಸ್ವಲ್ಪ ತಗ್ಗಿದ ರೋಗ ಮುಂದಿನ ಬೇಸಿಗೆಯಲ್ಲಿ ಮತ್ತೆ ಎದ್ದಿತು.

ಆಗ ಊರಿನ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಜನರನ್ನು ಸೇರಿಸಿ ಒಂದು ಮಾತು ಕೇಳಿದರು: ಯಾರೂ ಊರು ಬಿಟ್ಟು ಹೋಗುವುದು ಬೇಡ, ರೋಗ ನಮ್ಮಲ್ಲೇ ಮುಗಿಯಲಿ, ಅಕ್ಕಪಕ್ಕದ ಊರುಗಳು ಉಳಿಯಲಿ. ಜನ ಒಪ್ಪಿದರು. ಹೊರಗಿನವರು ಊರ ಗಡಿಯಲ್ಲಿ ಆಹಾರ ತಂದಿಟ್ಟು ಹೋಗುತ್ತಿದ್ದರು. ಅದಕ್ಕೆ ಕೊಡುವ ನಾಣ್ಯಗಳನ್ನು ಊರಿನವರು ಸೋಂಕು ತಗಲದಿರಲೆಂದು ವಿನೆಗರ್ ತುಂಬಿದ ಕಲ್ಲಿನ ಕುಳಿಯಲ್ಲೋ ಹರಿಯುವ ನೀರಿನಲ್ಲೋ ಹಾಕಿಡುತ್ತಿದ್ದರು. ಚರ್ಚು ಮುಚ್ಚಿ ಬಯಲಿನಲ್ಲಿ ಪ್ರಾರ್ಥನೆ ಮಾಡಿದರು. ಸುಮಾರು 260 ಜನ ಸತ್ತರು. ಮಾಂಪೆಸನ್ ಅವರ ಹೆಂಡತಿ ಕ್ಯಾಥರೀನ್ ಕೂಡ ಹೋದರು. ಎಲಿಜಬೆತ್ ಹ್ಯಾಂಕಾಕ್ ಎಂಬ ತಾಯಿ ಎಂಟು ದಿನಗಳೊಳಗೆ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡು, ತನ್ನ ಕೈಯಾರೆ ಹೂಳಿದಳು. ಆ ಸಮಾಧಿಗಳು ಊರಾಚೆ ಹೊಲದ ನಡುವೆ ಈಗಲೂ ಇವೆ.

ಹಳೇ ಮೈಸೂರಿನ ಕಡೆಯವರು ಪ್ಲೇಗಿನ ಕಥೆ ಕೇಳಿಯೇ ಬೆಳೆದವರು. ಪ್ಲೇಗು ಬಂತೆಂದರೆ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದೂ ಅದೇ ಭಯದಿಂದ. ಈಮ್ ಜನ ಅದಕ್ಕೆ ತದ್ವಿರುದ್ಧ ಮಾಡಿದರು, ಇದ್ದಲ್ಲೇ ಇದ್ದರು. ಯಾವುದು ಸರಿ ಎಂದು ತೂಗಲು ನನಗೆ ಇಷ್ಟವಿಲ್ಲ. ಆದರೆ ಊರಿನ ಮನೆಗಳ ಮುಂದೆ ಸತ್ತವರ ಹೆಸರು, ದಿನಾಂಕ ಬರೆದ ಫಲಕಗಳನ್ನು ಓದುತ್ತಾ ಹೋದರೆ ಮಾತು ನಿಂತುಹೋಗುತ್ತದೆ.

ಆಗಸ್ಟ್ ಕೊನೆಯ ಭಾನುವಾರ, ಅಂದು ಚರ್ಚು ಮುಚ್ಚಿ ಪ್ರಾರ್ಥನೆ ಮಾಡಿದ ಅದೇ ಬಯಲಿನಲ್ಲಿ ಸ್ಮರಣೆಯ ಪ್ರಾರ್ಥನೆ ನಡೆಯುತ್ತದೆ. ಈಮ್ ಎತ್ತರದಲ್ಲಿದೆ, ಸೈಕಲ್‌ನಲ್ಲಿ ಹೋಗುವುದು ಕಾಲು ಗಟ್ಟಿ ಇರುವವರಿಗೆ ಮಾತ್ರ. ಈ ಮನೆಗಳಲ್ಲಿ ಇವತ್ತೂ ಜನ ಇದ್ದಾರೆ, ಕಿಟಕಿಗೆ ಕ್ಯಾಮೆರಾ ಹಿಡಿಯಬೇಡಿ.

ಚಾಟ್ಸ್‌ವರ್ತ್ ಟಿಕೆಟ್ ದುಬಾರಿ ಅಂತಾರೆ. ಹೊರಗಿಂದಲೇ ನೋಡಿದರೆ ಸಾಕೇ?

ಅರ್ಧ ದಿನಕ್ಕಿಂತ ಕಡಿಮೆ ಸಮಯ ಇದ್ದರೆ ಹೊರಗಿಂದಲೇ ನೋಡಿ. ಡ್ಯೂಕ್ ಆಫ್ ಡೆವನ್‌ಶೈರ್ ಮನೆತನದ ಈ ಅರಮನೆಯ ಸುತ್ತಲಿನ ಹುಲ್ಲುಗಾವಲಿನಲ್ಲಿ ನಡೆಯಲು ದುಡ್ಡಿಲ್ಲ. ಜಿಂಕೆ, ಕುರಿ, ಡರ್ವೆಂಟ್ ನದಿ, ಅದರ ಮೇಲಿನ ಕಲ್ಲು ಸೇತುವೆ ಎಲ್ಲ ಅಲ್ಲೇ ಸಿಗುತ್ತವೆ. ಬೇಕ್‌ವೆಲ್‌ನಿಂದ ಗುಡ್ಡ ಹತ್ತಿ ಇಳಿದು ಕಾಲುದಾರಿಯಲ್ಲೇ ಬರಬಹುದು.

ಇಡೀ ದಿನ ಇದ್ದರೆ ಟಿಕೆಟ್ ತಗೊಳ್ಳಿ, ಮನೆಯೊಳಗಿಗಿಂತ ತೋಟಕ್ಕೆ ಜಾಸ್ತಿ ಹೊತ್ತು ಕೊಡಿ. ಜೋಸೆಫ್ ಪ್ಯಾಕ್ಸ್‌ಟನ್ 1844ರಲ್ಲಿ ಕಟ್ಟಿದ ಎಂಪರರ್ ಕಾರಂಜಿ ಅಲ್ಲಿದೆ. ರಷ್ಯಾದ ಚಕ್ರವರ್ತಿ ಬರುತ್ತಾನೆಂದು ಕಟ್ಟಿಸಿದ್ದು, ಅವನು ಬರಲೇ ಇಲ್ಲ. ಪಂಪು ಇಲ್ಲ, ಗುಡ್ಡದ ಮೇಲಿನ ಕೆರೆಯಿಂದ ಇಳಿಯುವ ನೀರಿನ ಒತ್ತಡದಿಂದಲೇ ಚಿಮ್ಮುತ್ತದೆ. ಇದೇ ಪ್ಯಾಕ್ಸ್‌ಟನ್ ಮುಂದೆ 1851ರ ಲಂಡನ್ ಪ್ರದರ್ಶನಕ್ಕೆ ಗಾಜಿನ ಅರಮನೆ ಕಟ್ಟಿದರು. ಚಳಿಗಾಲದಲ್ಲಿ ಕೆಲವು ವಾರ ಅರಮನೆ ಮುಚ್ಚಿರುತ್ತದೆ.

ಹಳೆಯ ಕಾಲದ ಮನೆ ನೋಡುವ ಆಸೆಯಷ್ಟೇ ಇದ್ದರೆ ನಾನು ಹ್ಯಾಡನ್ ಹಾಲ್ ಹೇಳುತ್ತೇನೆ. ಚಿಕ್ಕದು, ಜನ ಕಡಿಮೆ, ಸವೆದ ಕಲ್ಲು ಮೆಟ್ಟಿಲುಗಳು, ಮಸಿ ಹಿಡಿದ ಅಡುಗೆಮನೆ.

ಹೊಲದ ನಡುವೆ ಕಾಲುದಾರಿ ಕಂಡರೆ ಸೈಕಲ್ ಇಳಿಸಬಹುದೇ?

ಫಲಕ ನೋಡಿ. "ಫುಟ್‌ಪಾತ್" ಅಂದರೆ ನಡೆಯುವವರಿಗೆ ಮಾತ್ರ. "ಬ್ರೈಡಲ್‌ವೇ" ಅಂದರೆ ಕುದುರೆಗೂ ಸೈಕಲ್‌ಗೂ ಹಕ್ಕಿದೆ. 1968ರ ಕಾನೂನು ಸೈಕಲ್‌ನವರಿಗೆ ಆ ಹಕ್ಕು ಕೊಟ್ಟಿತು, ಆದರೆ ನಡೆಯುವವರಿಗೂ ಕುದುರೆಗೂ ನಾವು ದಾರಿ ಬಿಡಬೇಕು. ಹೊಲದ ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮತ್ತೆ ಮುಚ್ಚಿ.

ಈ ಹಕ್ಕುಗಳು ಸುಮ್ಮನೆ ಬಂದದ್ದಲ್ಲ. ಇಲ್ಲಿನ ಕಿಂಡರ್ ಸ್ಕೌಟ್ ಬೆಟ್ಟ ಜಮೀನ್ದಾರರ ಬೇಟೆಯ ಜಾಗವಾಗಿತ್ತು, ಸಾಮಾನ್ಯರಿಗೆ ಪ್ರವೇಶ ಇರಲಿಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ದುಡಿಯುವ ಯುವಜನರು ಬೇಕೆಂದೇ ಆ ಬೆಟ್ಟ ಹತ್ತಿದರು. ಕಾವಲುಗಾರರ ಜೊತೆ ತಳ್ಳಾಟವಾಯಿತು. ಐವರಿಗೆ ಜೈಲಾಯಿತು. ಅವರ ಮುಂದಾಳು ಬೆನ್ನಿ ರಾತ್‌ಮನ್ ಆಗ ಇಪ್ಪತ್ತರ ಹುಡುಗ. ರಾಷ್ಟ್ರೀಯ ಉದ್ಯಾನಗಳ ಬೇಡಿಕೆಗೆ ಆ ಘಟನೆ ಬಲ ಕೊಟ್ಟಿತು. ನಾವು ಇವತ್ತು ಟಿಕೆಟ್ ಇಲ್ಲದೆ ತಿರುಗಾಡುವುದರ ಹಿಂದೆ ಅವರ ಋಣ ಇದೆ.

ಹೆಲ್ಮೆಟ್ ಕಡ್ಡಾಯವೇ? ಬೇರೆ ನಿಯಮ ಏನು?

ಕಾನೂನಿನಲ್ಲಿ ಕಡ್ಡಾಯ ಇಲ್ಲ. ಹಾಕಿಕೊಳ್ಳಿ. ಎಡಗಡೆ ಹೋಗುವುದು ನಮ್ಮ ಊರಿನ ಹಾಗೆಯೇ. ರಸ್ತೆ ಪಕ್ಕದ ಪಾದಚಾರಿ ದಾರಿಯ ಮೇಲೆ ಸೈಕಲ್ ಹೊಡೆಯುವಂತಿಲ್ಲ. ಕತ್ತಲಾದರೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇರಲೇಬೇಕು. ಟ್ರೇಲ್ ಮೇಲೆ ಯಾರನ್ನಾದರೂ ದಾಟುವಾಗ ದೂರದಿಂದಲೇ ಬೆಲ್ ಮಾಡಿ, ನಿಧಾನಿಸಿ, ಥ್ಯಾಂಕ್ಸ್ ಹೇಳಿ. ಕುದುರೆಯ ಹಿಂದೆ ಬೆಲ್ ಬೇಡ. ಬಾಯಲ್ಲಿ ಹಲೋ ಅಂದು ಸವಾರರಿಗೆ ತಿಳಿಸಿ, ಅಗಲವಾಗಿ ಬಳಸಿ ಹೋಗಿ.

ಯಾವ ತಿಂಗಳು ಒಳ್ಳೆಯದು? ಮಳೆ ಬಂದರೆ?

ಮೇ, ಜೂನ್ ಮತ್ತು ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆ ತನಕ ಬೆಳಕು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲೆ. ಆಗಸ್ಟ್‌ನಲ್ಲಿ ಬೆಟ್ಟಗಳ ಮೇಲೆ ಹೆದರ್ ಹೂ ಅರಳಿ ನೇರಳೆ ಬಣ್ಣ, ಆದರೆ ಜನಜಂಗುಳಿಯೂ ಆಗಲೇ.

ಮಳೆ ಯಾವ ತಿಂಗಳಲ್ಲೂ ಬರಬಹುದು. ನಮ್ಮ ಮಲೆನಾಡಿನ ಮಳೆಯಂತೆ ಸುರಿಯುವುದು ಕಡಿಮೆ, ಹನಿಹನಿಯಾಗಿ ಗಂಟೆಗಟ್ಟಲೆ ಹಿಡಿದುಕೊಳ್ಳುತ್ತದೆ. ಕೊಡೆ ಇಲ್ಲಿ ಕೆಲಸಕ್ಕೆ ಬಾರದು, ತೆಳು ರೇನ್‌ಕೋಟ್ ಬೇಕು. ಟ್ರೇಲ್‌ಗೆ ಸುಣ್ಣಕಲ್ಲಿನ ಪುಡಿ ಹಾಸಿರುತ್ತಾರೆ, ನೆನೆದರೆ ಬಿಳಿ ಕೆಸರು ಬೆನ್ನ ತನಕ ಹಾರುತ್ತದೆ. ಒಳ್ಳೆ ಬಟ್ಟೆ ಮನೆಯಲ್ಲೇ ಇರಲಿ. ಜೀನ್ಸ್ ಬೇಡ, ನೆನೆದರೆ ಒಣಗುವುದಿಲ್ಲ.

ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ಅಮ್ಮ ಸೀರೆ ಉಡುತ್ತಾರೆ, ಸೈಕಲ್ ಬರುವುದಿಲ್ಲ. ಅವರನ್ನು ಬಿಟ್ಟು ಹೋಗಬೇಕೇ?

ಬೇಡವೇ ಬೇಡ. ಟ್ರೇಲ್ ಸಮತಟ್ಟಾಗಿದೆ, ಗಾಲಿಕುರ್ಚಿಯೂ ಸಲೀಸಾಗಿ ಹೋಗುತ್ತದೆ. ಕಾರಿನಲ್ಲಿ ಮಾನ್ಸಲ್ ಹೆಡ್‌ಗೆ ಕರೆದುಕೊಂಡು ಹೋಗಿ, ಅಲ್ಲಿಂದ ಸೇತುವೆ, ಕಣಿವೆ ಎಲ್ಲ ಮೇಲಿಂದಲೇ ಕಾಣುತ್ತದೆ. ಅಲ್ಲಿಂದ ಕೆಳಗಿನ ಟ್ರೇಲ್‌ಗೆ ಇಳಿಯುವ ದಾರಿ ಕಡಿದಾಗಿದೆ, ವಯಸ್ಸಾದವರನ್ನು ಇಳಿಸಬೇಡಿ. ಬದಲಿಗೆ ಮಿಲ್ಲರ್ಸ್ ಡೇಲ್ ನಿಲ್ದಾಣದಲ್ಲಿ ಇಳಿಸಿ. ಅವರು ಅರ್ಧ ಗಂಟೆ ನಡೆದು, ಕೆಫೆಯಲ್ಲಿ ಕೂತು ಟೀ ಕುಡಿಯುವಷ್ಟರಲ್ಲಿ ನೀವು ಸೈಕಲ್‌ನಲ್ಲಿ ಬಂದು ಸೇರಿಕೊಳ್ಳಬಹುದು. ಬೇಸಿಗೆಯಾದರೂ ಅವರಿಗೆ ಸ್ವೆಟರ್, ಕಿವಿ ಮುಚ್ಚುವ ಟೋಪಿ ಇರಲಿ, ಸುರಂಗದೊಳಗೆ ಚಳಿ.

ಉಳಿದುಕೊಳ್ಳಲು ಎಲ್ಲಿ?

ಬೇಕ್‌ವೆಲ್‌ನಲ್ಲಿ ಸಣ್ಣ ಹೋಟೆಲುಗಳೂ, ಮನೆಗಳಲ್ಲೇ ಕೋಣೆ ಮತ್ತು ಬೆಳಗಿನ ತಿಂಡಿ ಕೊಡುವವರೂ ಇದ್ದಾರೆ. ಕೋಣೆ ಹಿಡಿಯುವಾಗಲೇ ಸೈಕಲ್ ಇಡಲು ಬೀಗದ ಜಾಗ ಇದೆಯೇ ಎಂದು ಕೇಳಿ. ಊರಿನಿಂದ ಟ್ರೇಲ್‌ಗೆ ಹೋಗುವ ಸ್ಟೇಷನ್ ರಸ್ತೆ ಚಿಕ್ಕದಾದರೂ ಕಡಿದು, ತಳ್ಳಿಕೊಂಡೇ ಹತ್ತಿ. ಟಿಸ್ಸಿಂಗ್ಟನ್ ಟ್ರೇಲ್ ಮುಖ್ಯ ಅನ್ನುವವರಿಗೆ ಹಾರ್ಟಿಂಗ್ಟನ್‌ನಲ್ಲಿ 17ನೇ ಶತಮಾನದ ದೊಡ್ಡ ಮನೆಯೊಂದು ಯೂತ್ ಹಾಸ್ಟೆಲ್ ಆಗಿದೆ.

ಸೋಮವಾರವೂ ರಜೆ ಇದ್ದರೆ?

ಬೇಕ್‌ವೆಲ್‌ನಲ್ಲಿ ಸೋಮವಾರ ಸಂತೆ. ಬೆಳಿಗ್ಗೆ ಅದನ್ನು ಒಂದು ಸುತ್ತು ಹಾಕಿ. ಆಮೇಲೆ ಕ್ರಾಮ್‌ಫರ್ಡ್‌ಗೆ ಹೋಗಿ. ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ನೀರಿನ ಬಲದಿಂದ ನೂಲು ತೆಗೆಯುವ ಗಿರಣಿ ಶುರುಮಾಡಿದ ಊರು ಇದು. ಕಾರ್ಖಾನೆ ಎಂಬ ಪದ್ಧತಿ ಬೇರೂರಿದ್ದು ಇಲ್ಲಿ. ಡರ್ವೆಂಟ್ ಕಣಿವೆಯ ಈ ಗಿರಣಿಗಳನ್ನು ಯುನೆಸ್ಕೊ 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮುಂದೆ ಇಂಗ್ಲೆಂಡಿನ ಗಿರಣಿ ನೂಲು, ಗಿರಣಿ ಬಟ್ಟೆ ಹಡಗು ತುಂಬಿ ಬಂದಾಗ ನಮ್ಮ ನೇಕಾರರ, ರಾಟೆ ತಿರುಗಿಸುತ್ತಿದ್ದ ಹೆಂಗಸರ ಬದುಕು ಏನಾಯಿತು ಎಂದು ನಮಗೆ ಗೊತ್ತು. ಅದರ ಬೇರು ನೋಡಬೇಕೆಂದರೆ ಈ ಅಂಗಳದಲ್ಲಿ ನಿಲ್ಲಬೇಕು.

ಸ್ವಂತ ಸೈಕಲ್ ಇದ್ದವರು ಪಾರ್ಸ್ಲೆ ಹೇಯಿಂದ ಹೈ ಪೀಕ್ ಟ್ರೇಲ್ ಹಿಡಿದು ಕ್ರಾಮ್‌ಫರ್ಡ್ ತನಕ ಬರಬಹುದು. ಇದು 1831ರಷ್ಟು ಹಳೆಯ ರೈಲು ದಾರಿ. ಕಡಿದಾದ ಕಡೆ ಹಬೆಯಂತ್ರಕ್ಕೆ ಹಗ್ಗ, ಸರಪಳಿ ಕಟ್ಟಿ ಬಂಡಿಗಳನ್ನು ಎಳೆಯುತ್ತಿದ್ದರು. ಮಿಡಲ್‌ಟನ್ ಟಾಪ್‌ನಲ್ಲಿ ಆ ಯಂತ್ರದ ಮನೆ ಇನ್ನೂ ಇದೆ. ಅಲ್ಲಿಂದ ಮುಂದಿನ ಇಳಿಜಾರುಗಳಲ್ಲಿ ಸೈಕಲ್ ಮೇಲೆ ಕೂರಬೇಡಿ, ಇಳಿದು ಹಿಡಿದುಕೊಂಡು ನಡೆಯಿರಿ. ಕ್ರಾಮ್‌ಫರ್ಡ್‌ನಲ್ಲಿ ರೈಲು ನಿಲ್ದಾಣ ಇದೆ. ಡಾರ್ಬಿಗೆ ಸುಮಾರು ಅರ್ಧ ಗಂಟೆ, ಅಲ್ಲಿಂದ ಲಂಡನ್, ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಎಲ್ಲಿಗೆ ಬೇಕಾದರೂ ರೈಲು ಸಿಗುತ್ತದೆ.